ಇಸ್ಟೇಷನ್

ನಮ್ಮ ಬಾಯಾಗ ಸಾಲಿಗಿಂತ ಮೊದಲು
ಒಂದು ‘ಇ’ ಬರ್ತದ.
ಇಸ್ಕೂಲು, ಇಸ್ಟೂಲು, ಇಸ್ಟೀಲಿನ ಗಿಲಾಸು.
ಯಾರೂ ತಂದಿಟ್ಟಿದ್ದಲ್ಲ ಅದು.
ಬಾಗಲ ಮುಂದ ಶಹಾಬಾದದ ಫರ್ಸಿ ಇರ್ತದಲ್ಲ,
ಕಾಲಿಟ್ಟು ಒಳಗ ಹೋಗಲಿಕ್ಕ,
ಹಂಗ ಬಿದ್ದುಕೊಂಡದ.

ಅದನ್ನ ಕಿತ್ತು ತಗದ್ರ ಐದು ಮಾರ್ಕು,
ಅಂತಾರ ಹಾಗರಗಿ ಮೇಡಂ.
ಅರವತ್ತು ದಾಟಿದ್ರ ನೆಟ್ಟಗ ಬಿ.ಎಸ್ಸಿ ಕ್ಲಾಸು,
ದಾಟಲಿಲ್ಲಂದ್ರ ಆರು ತಿಂಗಳ ಬ್ರಿಜ್ ಕೋರ್ಸು,
ಅದರ ಫೀ ಬ್ಯಾರೆ.
ಎಷ್ಟಂತ ನಾ ಮನ್ಯಾಗ ಹೇಳಿಲ್ಲ.

ಮುಂಜಾನಿ ಪ್ಯಾಸೆಂಜರಿಗಿ ನಾ ಹತ್ತೋದರಾಗ
ವಾಡಿಯಿಂದ ಬಂದ ನಿಖತ್ ಕಿಡಕಿ ಹಿಡದಿರ್ತಾಳ.
ಇಬ್ಬರಿಗೂ ಒಂದೇ ಗೈಡು.
ನಡುವಿಗಿ ಹರದು ಎರಡು ಮಾಡೀವಿ:
ವ್ಯಾಕರಣ ಆಕಿಗಿ, ಪ್ರಬಂಧ ನನಗ,
ಸೋಮವಾರ ಅದಲಿಬದಲಿ.

ಒಂದೇ ಇರೋದಕ್ಕ ‘ದಿ’ ಹಚ್ಚಬೇಕಂತ.
ಸೂರ್ಯಗ ಬೇಕು, ಚಂದ್ರಗ ಬೇಕು, ನಿಖತ್‌ಗ ಬ್ಯಾಡ.
ನನ್ನಪ್ಪನೂ ಒಬ್ಬನೇ, ಅವಗ್ಯಾಕಿಲ್ಲ? ಅಂದೆ.
ಆಕಿ ಹಾಳಿ ತಿರುವಿ ತಿರುವಿ ನೋಡಿದಳು.
ಅದು ನಿನ್ನ ಅರ್ಧದಾಗ ಇರಬೇಕು ನೋಡು, ಅಂದಳು.

ಮರತೂರಿನಾಗ ಗಾಡಿ ನಿಂತುಬಿಡ್ತದ,
ಎಕ್ಸ್‌ಪ್ರೆಸ್ಸಿಗಿ ದಾರಿ ಬಿಟ್ಟು.
ಮೈಕಿನಾಗಿನ ಹೆಣಮಗಳು ಮೂರು ಭಾಷಾದಾಗ ಮಾಫಿ ಕೇಳ್ತಾಳ.
ಕನ್ನಡದಾಗ ಕೇಳಿದ್ದು ಯಾರೂ ನಂಬಂಗಿಲ್ಲ,
ಹಿಂದಿಯೊಳಗ ಕೇಳೋತನಕ ಶೇಂಗಾದವ ಬಂದಿರ್ತಾನ,
ಇಂಗ್ಲಿಷಿಗಿ ಮಾತ್ರ
ನಾವಿಬ್ಬರು ಕಣ್ಣು ಮುಚ್ಚಿ ಕೂಡ್ತೀವಿ,
ಎಲ್ಲಿ ಉಸಿರು ತಗೊಂಡಳು,
ಎಲ್ಲಿ ನುಂಗಿದಳು.
ಡೀಪ್ಲಿ. ರಿಗ್ರೆಟೆಡ್.
ಗಾಡಿ ತಡ ಆದಷ್ಟೂ ನಮ್ಮ ಲಿಸನಿಂಗ್ ಸುಧಾರಿಸ್ತದ.

ಅಪ್ಪ ಫರ್ಸಿ ಪಾಲಿಶ್ ಮಷಿನ್ ಮುಂದ
ದಿನಾ ಹತ್ತು ತಾಸು. ಕಿವಿ ಅರ್ಧ ಹೋಗ್ಯಾವ.
ರಾತ್ರಿ ನಾ ಗಟ್ಟಿಯಾಗಿ ಓದಿದ್ರ
ಎದುರಿಗಿ ಕುಂತು ತುಟಿ ನೋಡ್ತಾನ.
ಇಸ್ಪೀಕಿಂಗ್ ಮುಗೀತೇನ ಸುಗಲಾ ಇವತ್ತಿಂದು?
ತಿದ್ದಬೇಕಂತ ಹಲ್ಲು ಕೂಡಿಸಿ
ಸ್‌ಸ್‌ಸ್ ಅಂತ ಶುರು ಮಾಡಿದೆ.
ಹಿಂಡಿ ಖಾರ ಆಯ್ತೇನ, ಅಂತ
ಎದ್ದು ಹೋಗಿ ನೀರು ತಂದ.
ಕುಡದೆ.

ಪರೀಕ್ಷಾದ ದಿನ ಲ್ಯಾಬಿನಾಗ ಎಸಿ.
ಕಲಬುರಗಿಯ ಏಪ್ರಿಲ್‌ನ್ಯಾಗ ನಾ ನಡುಗಿದ್ದು
ಅದೇ ಮೊದಲು.
ಹೆಡ್‌ಫೋನಿನೊಳಗ ಯಾವೂರವನೋ ಒಬ್ಬ:
ನಿನಗ ಛಲೋ ಗೊತ್ತಿರೋ ಒಂದು ಜಾಗಾದ ಬಗ್ಗೆ
ಒಂದು ನಿಮಿಷ ಮಾತಾಡು.
ಬಾಯಿಪಾಠ ಮಾಡಿದ ಮಳೆಕೊಯ್ಲಿನ ಮಹತ್ವ
ಹತ್ತಿರ ಸುಳೀಲಿಲ್ಲ.

ಸ್ಟೇಷನ್, ಅಂದೆ.
ಮುಂದ ಫರ್ಸಿ ಇಲ್ಲ, ಏನಿಲ್ಲ.
ಧಡಕ್ಕನ ಒಳಗ ಬಿದ್ದಂಗಾಯ್ತು.
ನಲ್ಲಿ ಅಂದೆ, ಬೆಂಚು ಅಂದೆ,
ಒಂದು ಕಾಲಿಲ್ಲದ ನಾಯಿ ಟಿಕೆಟ್ ಇಲ್ಲದ
ಎಲ್ಲಾ ಗಾಡಿಗೂ ಎದ್ದು ನಿಲ್ತದ ಅಂದೆ,
ಇಲ್ಲದ್ದು ನಾಯಿಗಿ ಕಾಲೋ ಗಾಡಿಗಿ ಟಿಕೆಟ್ಟೋ
ಇಂಗ್ಲಿಷಿನಾಗ ಕಲಸಿಹೋಯ್ತು.
ಎರಡನೇ ಪ್ಲಾಟ್‌ಫಾರ್ಮಿನ ಬೇವಿಗಿ ಏನಂತಾರ
ಮರತೇಹೋಗಿತ್ತು. ದಿ ಟ್ರೀ, ಅಂದೆ.
ತಪ್ಪಲ್ಲ ಅದು,
ಅಲ್ಲಿರೋದು ಅದೊಂದೇ.

ಪರದೆ ಮ್ಯಾಲ ಕೆಂಪು ಅಂಕಿ:
ಇನ್ನೂ ಹನ್ನೊಂದು ಸೆಕೆಂಡು ಉಳದಾವ.
ನನ್ನ ಕಡಿ ಏನೂ ಉಳದಿರಲಿಲ್ಲ.
ಬಾಯಿ ತಾನೇ ತಗೀತು:
ದಿ ಇನ್‌ಕನ್ವೀನಿಯನ್ಸ್ ಕಾಸ್ಡ್
ಈಸ್ ಡೀಪ್ಲಿ ರಿಗ್ರೆಟೆಡ್.
ಅಷ್ಟು ಸ್ವಚ್ಛ ಇಂಗ್ಲಿಷ್
ನಾ ಮತ್ತೊಮ್ಮೆ ಮಾತಾಡ್ತೀನೋ ಇಲ್ಲೋ.

ಹೊರಗ ಬಂದ್ರ ಬಿಸಲು ಹೊಡೀಲಕತ್ತಿತ್ತು.
ನಿಖತ್‌ಳ ಪಾಳಿ ನಾಳೆ,
ಗೈಡಿನ ಎರಡೂ ಅರ್ಧ ಆಕಿ ಕಡಿ ಅದಾವ.
ಸೂಪರ್ ಮಾರ್ಕೆಟ್ ಕಡಿಂದ ಬಂದ ಆಟೋಕ್ಕ ಕೈ ಮಾಡಿದೆ.

ಸ್ಟೇಷನ್.

ಎಲ್ಲಿಗ್ರೀ?

ಸ್ಟೇಷನ್ ರೀ, ಸ್ಟೇಷನ್.

ಅವ ಇಂಜಿನ್ ಗದ್ದಲದಾಗ ಕಿವಿ ಮುಂದ ಮಾಡಿದ,
ಥೇಟ್ ಅಪ್ಪನಂಗ.

ಇಸ್ಟೇಷನ್, ಅಂದೆ.

ಹಾಂ, ಹಂಗನ್ರಿ ಮತ್ತ.
ಏ, ಒಳಗ ಜರಾ ಸರೀರಿ,
ಅಕ್ಕಾ ಬರ್ತಾಳ.